ಬಚ್ಚನೂ ಅಕ್ಕಬಂಡೆಯೂ

ಒಂದೂರಂತೆ. ಊರಿಗೆ ಹೆಸರಿತ್ತೋ ಇಲ್ಲವೋ, ಕಡಲಂತೂ ಇತ್ತು. ದಂಡೆಯ ಮೇಲೆ ಮೂವತ್ತು ಗುಡಿಸಲು, ಗುಡಿಸಲುಗಳ ಎದುರಿಗೆ ನೀರಲ್ಲೊಂದು ಕರಿ ಬಂಡೆ. ಬಂಡೆ ಅಂದರೆ ಎಂಥದ್ದು ಅಂತೀರಿ? ಕಂಬಕ್ಕೆ ಕಂಬ ಒತ್ತಿ ನಿಲ್ಲಿಸಿದ ಹಾಗೆ ಸಾವಿರ ಕಂಬ, ಒಂದೊಂದಕ್ಕೂ ಆರಾರು ಮುಖ, ಜೇನುಗೂಡಿನ ಕಣ್ಣುಗಳ ಹಾಗೆ. ಮಳೆಗಾಲದ ಕಡಲು ಎಷ್ಟೇ ಎದ್ದು ಬರಲಿ, ಆ ಬಂಡೆಗೆ ಬಡಿದು ನೊರೆಯಾಗಿ, ಗುಡಿಸಲ ಬಾಗಿಲು ಮುಟ್ಟುವಷ್ಟರಲ್ಲಿ ಕಾಲು ತೊಳೆಯುವಷ್ಟು ನೀರಾಗಿರುತ್ತಿತ್ತಂತೆ.

ಆ ಊರಲ್ಲಿ ಬಚ್ಚ ಅಂತ ಒಬ್ಬ ಕಲ್ಲುಕುಟಿಗ. ಬೀಸುಕಲ್ಲು, ಒರಳುಕಲ್ಲು ಮಾಡಿ ಬದುಕುವವನು. ಅವನ ಹೆಂಡತಿ ದುಗ್ಗಿ ಇಳಿತದ ಹೊತ್ತಿಗೆ ಬಂಡೆಗೆ ಹೋಗಿ ಚಿಪ್ಪು ಕಿತ್ತು ತರುವವಳು. ಇಬ್ಬರೂ ಹಾಗೇ ಸುಖವಾಗಿದ್ದರಂತೆ.

ಆ ಸೀಮೆಗೊಬ್ಬ ರಾಜ. ಅವನ ಅಜ್ಜ ಮರದ ಅರಮನೆ ಕಟ್ಟಿಸಿದ, ಗೆದ್ದಲು ತಿಂದಿತು. ಅಪ್ಪ ಮಣ್ಣಿನ ಅರಮನೆ ಕಟ್ಟಿಸಿದ, ಮಳೆ ಕರಗಿಸಿತು. ಇವನಿಗೊಂದು ಹೆಣ್ಣುಮಗು ಹುಟ್ಟಿತು ನೋಡಿ, ಆವತ್ತಿನಿಂದ ಒಂದೇ ಹಟ: ಮಗಳಿಗೆ ಎಂದೆಂದೂ ಬೀಳದ ಮನೆ ಕಟ್ಟಿಸಬೇಕು. ಕಡಲೊಳಗಿನ ಕಂಬಗಳ ಸುದ್ದಿ ಕಿವಿಗೆ ಬಿದ್ದದ್ದೇ ಬಚ್ಚನನ್ನು ಕರೆಸಿದನಂತೆ.

"ಆ ಬಂಡೆ ಅಷ್ಟೂ ನನಗೆ ಬೇಕು. ಏಳು ದಿನದೊಳಗೆ ಉಳಿ ಬೀಳಬೇಕು. ಬೀಳದಿದ್ದರೆ ಮೂವತ್ತು ಗುಡಿಸಲೂ ದಂಡೆ ಬಿಟ್ಟು ಏಳಬೇಕು."

ಬಚ್ಚ ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತ.

"ಹ್ವಾಯ್, ಬಂಡೆ ಕಡಿದರೆ ಕಡಲು ಬಂದು ಊರನ್ನು ಒಯ್ಯುತ್ತದೆ. ಕಡಿಯದಿದ್ದರೆ ರಾಜ ಬಂದು ಓಡಿಸುತ್ತಾನೆ. ಎಂತ ಮಾಡುದೀಗ?" ಅಂದಳು ದುಗ್ಗಿ.

ಒಂದು ದಿನ ಹೋಯಿತು, ಎರಡು ದಿನ ಹೋಯಿತು, ಆರು ದಿನ ಹೋಯಿತು. ಏಳನೆಯ ದಿನ ಬೆಳಗ್ಗೆ ದುಗ್ಗಿ ಒಲೆಯ ಮೇಲೆ ಅಕ್ಕಿ ಇಟ್ಟಳು. ಬಚ್ಚ ಉಳಿ ಸುತ್ತಿಗೆ ಹಿಡಿದು, ಮೊಣಕಾಲು ಮಟ್ಟದ ನೀರಲ್ಲಿ ನಡೆದು ಬಂಡೆ ಹತ್ತಿದ. ಯಾವ ಕಲ್ಲಿಗೂ ಅಪ್ಪಣೆ ಕೇಳದೆ ಪೆಟ್ಟು ಹಾಕಿದವನಲ್ಲ ಅವನು. ಬಂಡೆಯ ಮೇಲೆ ಅಂಗೈ ಇಟ್ಟು, "ಅಮ್ಮಾ, ನನ್ನ ಮೇಲೆ ಸಿಟ್ಟಾಗಬೇಡ. ಅಪ್ಪಣೆ ಕೊಡು," ಅಂದ.

"ಕೊಡೋಣ ಮಾರಾಯ. ಒಮ್ಮೆ ನನ್ನ ಬಾಳು ನೋಡಿ ಬಾ," ಅಂದಿತಂತೆ ಬಂಡೆ.

ಬೆಚ್ಚಗಿನ ಕಲ್ಲಿಗೆ ಬಚ್ಚ ಕಿವಿ ಇಟ್ಟ. ಒಳಗೆಲ್ಲೋ ನೀರು ತೊಟ್ಟಿಕ್ಕುವ ಸದ್ದು. ಕಣ್ಣು ಭಾರವಾಯಿತು. ಕಂಬಗಳು ಮೆಟ್ಟಿಲಾದವು. ಬಚ್ಚ ಇಳಿದ, ಇಳಿದ, ಇಳಿದ.

ಒಂದೊಂದು ಮೆಟ್ಟಿಲಿಗೂ ಕಾಲ ಹಿಂದೆ ಹಿಂದೆ ಹೋಯಿತು. ಒಂದು ಮೆಟ್ಟಿಲಲ್ಲಿ ಕಡಲು ದೂರ ಸರಿದಿತ್ತು. ಬಲೆ ಬೀಸುವ ಜಾಗದಲ್ಲಿ ಹುಲ್ಲು, ಹುಲ್ಲಲ್ಲಿ ಜಿಂಕೆಗಳು. ಇನ್ನೂ ಇಳಿದರೆ ದೊಡ್ಡ ಕಾಡು, ಕಾಡಿನ ತುಂಬ ಮೃಗಗಳು. ಕರೆಯುವವರು ಹುಟ್ಟಿರದ ಕಾರಣ ಅವು ಯಾವುದಕ್ಕೂ ಹೆಸರಿರಲಿಲ್ಲವಂತೆ. ಇನ್ನೂ ಇಳಿದರೆ ಕಡಲೇ ಇಲ್ಲ! ನಮ್ಮ ದಂಡೆಗೆ ಇನ್ನೊಂದು ಸೀಮೆ ಅಂಟಿಕೊಂಡಿತ್ತು, ಅಕ್ಕ ತಂಗಿ ಒಂದೇ ಚಾಪೆಯಲ್ಲಿ ಮಲಗಿದ ಹಾಗೆ. ನಮ್ಮ ನೆಲ ಅಕ್ಕ, ಆಚೆಯದು ತಂಗಿ. ಅಕ್ಕನ ಹಕ್ಕಿ ತಂಗಿಯ ಮರದಲ್ಲಿ ಗೂಡು ಕಟ್ಟುತ್ತಿತ್ತು.

ನೋಡ ನೋಡುತ್ತಿದ್ದ ಹಾಗೆ ನಡುವೆ ನೆಲ ಬಿರಿಯಿತು. ತಂಗಿ ಸರಿಯತೊಡಗಿದಳು. ಎಷ್ಟು ಮೆಲ್ಲಗೆ ಅಂತೀರಿ? ವರ್ಷಕ್ಕೆ ಬೆರಳ ಉಗುರು ಬೆಳೆಯುವಷ್ಟು. ನಡುವಿನ ಬಿರುಕಿಗೆ ನೀರು ಬಂತು, ನೀರು ಹೊಳೆಯಾಯಿತು, ಹೊಳೆ ಕಡಲಾಯಿತು. ಅಕ್ಕನ ಒಡಲು ಒಡೆದು ಬೆಂಕಿ ಹರಿಯಿತು. ಹರಿದ ಬೆಂಕಿ ಆರುತ್ತಾ ಆರುತ್ತಾ ಸೀಳಿ, ಸೀಳಿ, ಕಂಬ ಕಂಬವಾಗಿ ನಿಂತಿತು.

"ಅದೇ ನಾನು," ಅಂದಿತಂತೆ ಬಂಡೆ.

ಬಚ್ಚ ಕಣ್ಣು ಬಿಟ್ಟ. ಕೆನ್ನೆಯೆಲ್ಲ ಒದ್ದೆ. ಯುಗ ಯುಗ ಕಳೆದು ಹೋಯಿತು, ದುಗ್ಗಿ ಇದ್ದಾಳೋ ಇಲ್ಲವೋ ಅಂತ ಎದೆ ಹಾರಿ, ಬಿದ್ದು ಎದ್ದು ಮನೆಗೆ ಓಡಿದ. ದುಗ್ಗಿ ಒಲೆ ಊದುತ್ತಿದ್ದಳು.

"ಇಷ್ಟು ಬೇಗ ಬಂದ್ರಾ? ಅಕ್ಕಿ ಇನ್ನೂ ಬೇಯಲಿಲ್ಲ."

ಬಚ್ಚ ಅವಳ ಕೈ ಹಿಡಿದುಕೊಂಡು ಒಲೆಯ ಬಳಿಯೇ ಕೂತನಂತೆ.

ಮಧ್ಯಾಹ್ನ ರಾಜನೇ ಬಂದ, ಮಗುವನ್ನು ಎತ್ತಿಕೊಂಡ ದಾದಿಯೂ ಆಳುಗಳೂ ಹಿಂದೆ. ಬಚ್ಚನನ್ನು ಕರೆದುಕೊಂಡು ದೋಣಿಯಲ್ಲಿ ಬಂಡೆಗೆ ಹೋಗಿ ನೋಡಿದರೆ, ಒಂದು ಗೀರೂ ಇಲ್ಲ.

"ಉಳಿ ಯಾಕೆ ಬಿದ್ದಿಲ್ಲ?"

ಬಚ್ಚ ಕೈಮುಗಿದ. "ಒಡೆಯಾ, ಕೈ ಬರಲಿಲ್ಲ. ನನ್ನನ್ನು ಏನಾದರೂ ಮಾಡಿ. ಅದಕ್ಕೂ ಮೊದಲು ಒಂದು ಗಳಿಗೆ ಈ ಕಲ್ಲಿಗೆ ಕಿವಿ ಇಡಿ."

ಆಳುಗಳು ನಕ್ಕರು. ರಾಜ ನಗಲಿಲ್ಲ. ಕಿರೀಟ ತೆಗೆದು ದಾದಿಯ ಕೈಗೆ ಕೊಟ್ಟು, ಬಂಡೆಯ ಮೇಲೆ ಮಗ್ಗುಲಾಗಿ ಕಿವಿ ಇಟ್ಟ. ಬಚ್ಚ ಅವನ ಮುಖವನ್ನೇ ನೋಡುತ್ತಿದ್ದ. ಹುಬ್ಬಿನ ಗಂಟು ಸಡಿಲಾಯಿತು. ಬಾಯಿ ತೆರೆಯಿತು, ಜಾತ್ರೆಯಲ್ಲಿ ಮಕ್ಕಳು ನೋಡುವ ಹಾಗೆ. ಆಮೇಲೆ ಮುಚ್ಚಿದ ಕಣ್ಣಿಂದ ಒಂದೇ ಸಮನೆ ನೀರು. ಬಚ್ಚನಿಗೆ ರಾಜನ ಬಗೆಗಿನ ಹೆದರಿಕೆಯೆಲ್ಲ ಹೋಗಿ, ಮರುಕ ಬಂತಂತೆ.

ರಾಜ ಎದ್ದು ಕೂತ. "ಇಳಿಯುವಾಗ ನನ್ನ ಅಪ್ಪನ ಅರಮನೆ ಹುಡುಕಿದೆ, ಬಚ್ಚಾ. ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲೇ ದಾಟಿ ಹೋಗಿತ್ತು," ಅಂದ.

"ನಮ್ಮೂರೂ ಹಾಗೇ ದಾಟಿ ಹೋಯಿತು ಒಡೆಯಾ."

"ಹಾಗಾದರೆ ಮಗಳಿಗೆ ನಾನೇನು ಬಿಟ್ಟು ಹೋಗಲಿ?"

ಬಚ್ಚ ತಲೆ ಕೆರೆದುಕೊಂಡ. "ನಮ್ಮ ಗುಡಿಸಲಿಗೆ ವರ್ಷ ವರ್ಷ ಹೊಸ ಸೋಗೆ ಹೊದಿಸುತ್ತೇವೆ. ಹೊದಿಸುವ ಕೆಲಸ ನನ್ನ ಅಪ್ಪ ನನಗೆ ಕಲಿಸಿದ. ಬೇರೆ ನನಗೆ ಗೊತ್ತಿಲ್ಲ ಒಡೆಯಾ."

ರಾಜ ಮಗುವನ್ನು ಎತ್ತಿಕೊಂಡು ಅದರ ಪುಟ್ಟ ಕಿವಿಯನ್ನು ಬಂಡೆಗೆ ತಾಗಿಸಿದ. ಮಗು ಕಿಲಕಿಲ ನಕ್ಕಿತಂತೆ. ಆ ಬಂಡೆಗೆ ಯಾರೂ ಕಬ್ಬಿಣ ತಾಗಿಸಬಾರದು ಅಂತ ಅಲ್ಲೇ ಅಪ್ಪಣೆಯಾಯಿತು. ಅರಮನೆಗೂ ಸೋಗೆಯೇ ಬಂತು. ಮಗಳು ದೊಡ್ಡವಳಾಗಿ ರಾಣಿಯಾದ ಮೇಲೂ ವರ್ಷಕ್ಕೊಮ್ಮೆ ತಾನೇ ಏಣಿ ಹತ್ತಿ ಅರಮನೆಯ ಮಾಡಿಗೆ ಸೋಗೆ ಹೊದಿಸುತ್ತಿದ್ದಳಂತೆ. ಬಂಡೆಗೆ ಅಕ್ಕಬಂಡೆ ಅಂತ ಹೆಸರಾಯಿತು.

ಬಚ್ಚ ಹಣ್ಣುಹಣ್ಣು ಮುದುಕನಾದ. ಒಂದು ದಿನ ಇಳಿತದಲ್ಲಿ ದುಗ್ಗಿಯ ಹೆಗಲು ಹಿಡಿದು ಬಂಡೆಗೆ ಹೋಗಿ ಕೂತು, ಇಷ್ಟು ವರ್ಷ ಕೇಳದೆ ಉಳಿದಿದ್ದ ಮಾತು ಕೇಳಿದ:

"ಅಮ್ಮಾ, ಹೋದ ತಂಗಿ ತಿರುಗಿ ಬರ್ತಾಳಾ?"

"ಬರ್ತಾಳೆ. ಆತುರ ಎಂತದ್ದು?" ಅಂದಿತಂತೆ ಬಂಡೆ.

ಬಂಡೆ ಅಲ್ಲಿ ಕಾಯುತ್ತಾ ಇದೆ, ನಾವು ಇಲ್ಲಿ ಕೂತಿದ್ದೇವೆ. ಹೇಳಿದವಳ ಬಾಯಾರಿತು, ಕೇಳಿದವರ ಕಣ್ಣು ತಂಪಾಗಲಿ.