ನಿನ್ನ ಕಡ್ಡಿ

ಹೊಳೆಯ ದಡದಲ್ಲಿ ವಿರೂಪಯ್ಯ ಪಂಡಿತರ ಆಶ್ರಮ. ಅಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆ, ಹಲ್ಲಿನ ಚಿಕಿತ್ಸೆ.

ಕಲಿಯುವವರಲ್ಲಿ ತಿಮ್ಮರಸನೇ ಮುಂದು. ಹಲ್ಲುಜ್ಜುವ ಕಡ್ಡಿ ಹನ್ನೆರಡು ಬೆರಳುದ್ದ ಇರಬೇಕು, ಕಿರುಬೆರಳಿನಷ್ಟು ದಪ್ಪ ಇರಬೇಕು, ವಸಡಿಗೆ ಯಾವ ಮರ, ಬಾಯಿ ವಾಸನೆಗೆ ಯಾವ ಮರ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಬೆಳಿಗ್ಗೆ ಬಂದ ರೋಗಿಗಳಿಗೆಲ್ಲ ಹೊಳೆಯ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಗಂಜಿಯ ಹೊತ್ತಾಗುತ್ತಿತ್ತು. ಎರಡು ಬೊಗಸೆ ನೀರಲ್ಲಿ ಬಾಯಿ ಮುಕ್ಕಳಿಸಿ ಓಡುತ್ತಿದ್ದ.

ಹೀಗೆ ಏಳು ವರ್ಷ ಕಳೆಯಿತು. ಹುಣ್ಣಿಮೆಗೆ ಅವನನ್ನು ಕರೆದೊಯ್ಯಲು ಅವನ ಊರಿನವರು ಗಾಡಿ ಕಳಿಸುವವರಿದ್ದರು. ಆ ಊರಿಗೆ ಹಲ್ಲಿನ ವೈದ್ಯನೇ ಇರಲಿಲ್ಲ. ಆದರೆ ಗುರುಗಳ ಕೈಯಿಂದ ಇಕ್ಕಳ ಪಡೆಯದವನು ಯಾರ ಹಲ್ಲನ್ನೂ ಕೀಳುವಂತಿರಲಿಲ್ಲ.

"ಗುರುಗಳೇ, ಇಕ್ಕಳ ಕೊಡಿ."

"ಕೊಡೋಣ. ಮೊದಲು ಒಂದು ಕಡ್ಡಿ ತಗೊಂಡು ಬಾ."

"ಯಾವ ಕಡ್ಡಿ?"

"ನಿನ್ನದು."

ಇಷ್ಟೇ ತಾನೇ ಎಂದುಕೊಂಡು ತಿಮ್ಮರಸ ಬೇವಿನ ಕಡ್ಡಿಯನ್ನು ಅಳೆದು ಕಡಿದು ತಂದ.

ಪಂಡಿತರು ತಿರುಗಿಸಿ ನೋಡಿದರು. "ಇದು ಬೇವಿನದು. ನಿನ್ನದು ತಾ."

ಮರುದಿನ ಹೊಂಗೆಯ ಕಡ್ಡಿ ತಂದ.

"ಇದು ಹೊಂಗೆಯದು."

ತಿಮ್ಮರಸನ ತಲೆ ಕೆಟ್ಟುಹೋಯಿತು. ತನ್ನ ಮರ ಅಂತ ಯಾವುದಿದೆ? ಯೋಚಿಸಿ ಯೋಚಿಸಿ ಜನ್ಮನಕ್ಷತ್ರ ನೆನಪಾಯಿತು. ಅವನದು ಕೃತ್ತಿಕೆ. ಕೃತ್ತಿಕೆಗೆ ಅತ್ತಿ ಮರ. ಸಿಕ್ಕೇಬಿಟ್ಟಿತು ಎಂದು ಅತ್ತಿಯ ಕಡ್ಡಿ ಹಿಡಿದು ಓಡೋಡಿ ಬಂದ.

"ಇದು ನಕ್ಷತ್ರದ್ದು."

ಕಡೆಗೆ ಕಡ್ಡಿಯ ಮೇಲೆ ತನ್ನ ಹೆಸರನ್ನೇ ಕೆತ್ತಿ ತಂದ.

"ಇದು ಚಾಕುವಿನದು."

"ಸುಳಿವಾದರೂ ಕೊಡಿ, ಗುರುಗಳೇ."

"ನನ್ನ ಹತ್ರಾನೂ ಒಂದಿದೆ. ದಿನಾ ಬಿಸಾಡ್ತೀನಿ," ಎಂದು ಪಂಡಿತರು ಗಂಜಿಗೆ ಹೋದರು.

ಬಿಸಾಡಿದ್ದು ಹತ್ತಿರ ಇರುವುದು ಹೇಗೆ? ಗುರುಗಳಿಗೆ ವಯಸ್ಸಾಯಿತೇನೋ ಎಂಬ ಅನುಮಾನವೂ ಬಂತು. ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಪಾಪ, ಅವನಿಗೆ ಅಳುವೇ ಬಂತು.

ಕಡ್ಡಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತ. ಮೆಟ್ಟಿಲು ಗುಡಿಸುವ ನಿಂಗವ್ವ ಪೊರಕೆ ಹಿಡಿದು ಬಂದಳು.

"ಏನಪ್ಪಾ, ಗೂಡು ಕಟ್ತೀಯಾ?"

"ನನ್ನ ಕಡ್ಡಿ ಹುಡುಕ್ತಿದೀನಿ ಅವ್ವಾ. ಯಾವುದನ್ನೂ ಗುರುಗಳು ಒಪ್ತಿಲ್ಲ."

"ನಿನ್ನದಾ?" ಜನ ಹಲ್ಲುಜ್ಜಿ ಬಿಸಾಡಿದ್ದ ಕಡ್ಡಿಗಳನ್ನು ನಿಂಗವ್ವ ಪೊರಕೆಯಿಂದ ಸರಿಸಿ ತೋರಿಸಿದಳು. "ಹತ್ತಿ ಹಂಗೆ ಬಿಡಿಸ್ಕೊಂಡಿದೆಯಲ್ಲ, ಇದು ಪಂಡಿತರದ್ದು. ಒಂದೇ ಕಡೆ ಜಜ್ಜಿರೋದು ಆ ಕುಳ್ಳ ಚೆಲುವಯ್ಯಂದು. ದಿನಾ ಗುಡಿಸೋಳು ನಾನು, ನೋಡಿದ್ರೆ ಗೊತ್ತಾಗುತ್ತೆ. ನಿನ್ನದು ಒಂದು ದಿನಾನೂ ಸಿಕ್ಕಿಲ್ಲ ಕಣಪ್ಪ."

ತಿಮ್ಮರಸನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೇವಿನ ಕಡ್ಡಿಯನ್ನು ಬಾಯಿಗಿಟ್ಟು ಕಚ್ಚಿದ. ಬಲಗಡೆಯ ದವಡೆ ಹಲ್ಲಿನಿಂದ ನೆತ್ತಿಯವರೆಗೆ ನೋವು ಸಿಡಿಯಿತು.

ಆ ಹಲ್ಲು ವರ್ಷದಿಂದ ನೋಯುತ್ತಿತ್ತು. ಎಡಗಡೆಯಲ್ಲೇ ಅಗಿಯುತ್ತ ಬಾಯಿ ಮುಚ್ಚಿಕೊಂಡಿದ್ದ. ಹಲ್ಲಿನ ಚಿಕಿತ್ಸೆ ಕಲಿಯುವವನು ತನಗೇ ಹಲ್ಲುನೋವು ಅಂತ ಯಾರ ಮುಂದೆ ಹೇಳಿಕೊಳ್ಳಬೇಕು?

ಮರುದಿನ ಬೆಳಿಗ್ಗೆ ಊರಿನ ಗಾಡಿ ಬಂದು ನಿಂತಿತು. ತಿಮ್ಮರಸ ಗುರುಗಳ ಮುಂದೆ ಒಂದು ಕಡ್ಡಿ ಇಟ್ಟ. ಅದರ ತುದಿಯನ್ನು ಅರೆಬರೆ ಜಗಿದಿದ್ದ, ರಕ್ತವೂ ಮೆತ್ತಿತ್ತು.

"ಇದು ಯಾತಕ್ಕೂ ಬರೋದಿಲ್ಲ ಗುರುಗಳೇ. ಕ್ಷಮಿಸಿ. ಗಾಡಿ ವಾಪಸ್ ಕಳಿಸ್ತೀನಿ."

ಪಂಡಿತರು ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಿನ್ನದು," ಎಂದರು.

ಒಳಗೆ ಹೋಗಿ ಇಕ್ಕಳ ತಂದರು. ತಿಮ್ಮರಸನ ಕಣ್ಣು ತುಂಬಿತು. ಮಂಡಿಯೂರಿ ಎರಡೂ ಕೈ ಚಾಚಿದ.

"ಕೈ ಅಲ್ಲಪ್ಪ," ಎಂದರು ಪಂಡಿತರು, "ಬಾಯಿ ತೆಗಿ."