ಮೂರು ಹನಿಯ ಮಳೆ

ಧ್ವನಿಮುದ್ರಿಸಿದ ಕಾಡಿನ ಸದ್ದು, ಗಗನನೌಕೆಗಳು ಹಿಡಿದ ಗ್ರಹಗಳ ಗುನುಗು, ಆ ಕ್ಷಣಕ್ಕೆ ಹುಟ್ಟುವ ವಾದ್ಯದ ಮಾತು, ಮೂರನ್ನೂ ಬೆರೆಸಿ ಕೇಳಿಸುವ ಒಂದು ಕಛೇರಿಗೆ ಅಂಗೈಯಗಲದ ಚರ್ಮವಾದ್ಯ ಖಂಜಿರವೊಂದು ನುಡಿಯಲು ಹೋಗಿತ್ತು.

"ನನ್ನ ಹೊಟ್ಟೆಯಲ್ಲಿ ಇಡೀ ಮುಂಗಾರಿದೆ, ಶನಿಗ್ರಹವೂ ಇದೆ. ನಿನ್ನಲ್ಲೇನಿದೆ ತಂಗಿ?" ಎಂದಿತು ಆಳೆತ್ತರದ ಸ್ಪೀಕರ್.

"ಚರ್ಮ ಸಡಿಲವಾಗಲೆಂದು ಈಗಷ್ಟೇ ಚಿಮುಕಿಸಿದ ಮೂರು ಹನಿ ನೀರು, ಅಣ್ಣಾ," ಎಂದು ಖಂಜಿರ ನಾಚಿತು.

"ಸರಿ, ನಾನು ಬಿಡುವು ಕೊಟ್ಟಾಗ ಬಾ."

ಕಛೇರಿ ಶುರುವಾಯಿತು. ಸ್ಪೀಕರ್ ಬಿಡುವನ್ನೇ ಕೊಡಲಿಲ್ಲ. ಮಳೆ ಸುರಿಯಿತು, ಗ್ರಹ ಗುನುಗಿತು, ಸಾವಿರ ಕಪ್ಪೆಗಳು ವಟಗುಟ್ಟಿದವು. ಇಂದೂ ಬಾಯಿ ಬಿಡದಿದ್ದರೆ ಇನ್ನು ತನ್ನನ್ನು ಚೀಲದಿಂದ ಯಾರೂ ತೆಗೆಯುವುದಿಲ್ಲವೆಂದು ಖಂಜಿರದ ಎದೆ ಹೊಡೆದುಕೊಂಡಿತು.

ಆಗ ವೇದಿಕೆಯಡಿಯಿಂದ ನಿಜವಾದ ಕಪ್ಪೆಯೊಂದು ಕುಪ್ಪಳಿಸಿ ಬಂತು. "ಮಳೆ ಬಂತೆಂದು ನಮ್ಮವರೆಲ್ಲ ಕೂಗುತ್ತಿದ್ದಾರೆ. ಕೆರೆ ಯಾವ ಕಡೆ, ಯಜಮಾನರೇ?"

ಸ್ಪೀಕರ್ ತನ್ನ ಪಾಡಿಗೆ ಸುರಿಯುತ್ತಲೇ ಇತ್ತು. ಕಪ್ಪೆ ಮತ್ತೆ ಕೇಳಿತು, ಮೂರನೆಯ ಸಲ ಗಂಟಲು ಹರಿಯುವಂತೆ ಕೇಳಿತು.

ಪಾಪ ಅನ್ನಿಸಿ ಖಂಜಿರ "ಗುಂ" ಎಂದಿತು. ಕಪ್ಪೆ "ವಟರ್" ಎಂದಿತು. "ಗುಂ ಗುಂ?" "ವಟರ್ ವಟ್!" ಸಭೆಯೆಲ್ಲ ಅತ್ತಲೇ ಕಿವಿಗೊಟ್ಟಿತು. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ.

"ಆ ಕಪ್ಪೆ ನನ್ನ ಪಟ್ಟಿಯಲ್ಲಿರಲಿಲ್ಲ," ಎಂದು ಸ್ಪೀಕರ್ ಸಿಡುಕಿತು.

"ನಾನೂ ಇರಲಿಲ್ಲವಲ್ಲ ಅಣ್ಣಾ," ಎಂದಿತು ಖಂಜಿರ, ಎದೆ ಹಗುರಾಗಿ.

ಕಪ್ಪೆ ಅದರ ಇನ್ನೂ ಆರದ ಚರ್ಮಕ್ಕೆ ಒರಗಿತು. "ಅಕ್ಕಾ, ಮಳೆ ನಿಜಕ್ಕೂ ಎಷ್ಟು ಬಂತು?"

"ಮೂರು ಹನಿ."

"ಸದ್ಯ, ಅಷ್ಟಾದರೂ ಬಂತಲ್ಲ!" ಎಂದು ಕಪ್ಪೆ ತಂಪಾಗಿ ಕಣ್ಣು ಮುಚ್ಚಿತು.