ಸಾಸಿವೆ ಒತ್ತಿದ ಹೆಬ್ಬೆರಳು

ಹೊಳೆಯ ದಡದ ಒಂದು ಊರಿನಲ್ಲಿ ವಿರೂಪಣ್ಣನೆಂಬ ಶಿವಭಕ್ತನಿದ್ದ. ಶಿವಾಲಯದ ಉಗ್ರಾಣ ಅವನ ಕೈಯಲ್ಲಿತ್ತು. ನೈವೇದ್ಯಕ್ಕೆ ಅಕ್ಕಿ ಅಳೆಯುವಾಗ ಸೇರನ್ನು ಕುಲುಕುವನು, ಹೆಬ್ಬೆರಳಿನಿಂದ ಒತ್ತುವನು, ಮೇಲೆ ಗೋಪುರದ ಹಾಗೆ ಏರಿಸುವನು. ಒಂದು ಎನ್ನದೆ "ಲಾಭ" ಎಂದು ಎಣಿಕೆ ಶುರುಮಾಡುವನು. ದೇವರ ಅಳತೆ ಎಂದರೆ ಹಾಗೇ ಅಲ್ಲವೇ? ಕೂಲಿಯವರಿಗೆ ಅಳೆಯುವಾಗ ಮಾತ್ರ ಸೇರಿನ ಬಾಯಿಗೆ ಕೈ ಸವರಿ, ಸಮ ಮಾಡಿ ಸುರಿಯುವನು. ಅದರಲ್ಲಿ ಮೋಸವೇನಿರಲಿಲ್ಲ. ಒಂದು ಕಾಳನ್ನೂ ಕದ್ದವನಲ್ಲ ಅವನು.

ಭಕ್ತರನ್ನು ಹೊಳೆ ದಾಟಿಸುತ್ತಿದ್ದವಳು ದೋಣಿಯವರ ಕೇರಿಯ ಹಾಲವ್ವ. ಒಂದು ದಿನ ಅವಳು ದೊರೆಯ ಮುಂದೆ ಕೈಮುಗಿದು ನಿಂತಳು. "ನಮ್ಮ ಕೇರಿ ಮಕ್ಕಳಿಗೂ ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿಸಿ ಬುದ್ಧಿ" ಎಂದಳು.

ಸಭೆಯವರು ನಕ್ಕರು. "ಹುಟ್ಟು ಹಾಕುವವರ ತಲೆ ಚಿಕ್ಕದು. ಅಕ್ಷರ ಸುರಿದರೆ ಹೊರಗೆ ಚೆಲ್ಲೀತು!"

"ಚೆಲ್ಲಿದರೆ ಹೊಳೆಗೇ ತಾನೇ ಬೀಳೋದು? ಮೀನಾದರೂ ಕಲೀತಾವೆ. ಮೊದಲು ಸುರಿದು ನೋಡಿ" ಎಂದಳು ಹಾಲವ್ವ.

ದೊರೆಗೂ ನಗು ಬಂತು. ಆದರೆ ಸಭೆಯನ್ನು ಎದುರುಹಾಕಿಕೊಳ್ಳಲು ಮನಸ್ಸಿರಲಿಲ್ಲ. ಆ ವರ್ಷ ಪ್ರವಾಹ ದಡವನ್ನು ಕೊರೆದಿತ್ತು. ಹಿಂದೆ ಯಾವುದೋ ಯುದ್ಧದಲ್ಲಿ ಮಡಿದ ಸರದಾರರನ್ನೂ, ಅವರನ್ನು ಸಾಗಿಸಿದ ದೋಣಿಯವರನ್ನೂ ಅಲ್ಲಿ ಬೇರೆ ಬೇರೆ ಸಾಲಿನಲ್ಲಿ ಹೂತಿದ್ದರು. ಅವರ ತಲೆಬುರುಡೆಗಳು ಮೇಲೆ ಬಂದಿದ್ದವು. "ಮತ್ತೆ ಮಣ್ಣು ಮಾಡುವ ಮೊದಲು ಅಳೆದುಬಿಡಿ. ಯಾರ ತಲೆ ಎಷ್ಟು ಹಿಡಿಯುತ್ತದೆ ನೋಡೋಣ" ಎಂದು ದೊರೆ ಅಪ್ಪಣೆ ಮಾಡಿದ. ಅಳೆಯುವ ಕೆಲಸ ವಿರೂಪಣ್ಣನಿಗೇ ಬಂತು. ಅವನಷ್ಟು ನಂಬಿಕಸ್ಥ ಊರಲ್ಲಿ ಇನ್ಯಾರಿದ್ದರು?

ವಿರೂಪಣ್ಣ ಶಿವನನ್ನು ನೆನೆದು ಹೊಳೆದಂಡೆಯಲ್ಲಿ ಕೂತ. ಸರದಾರರ ಬುರುಡೆಗೆ ಕುಂಕುಮದ ಗುರುತು, ದೋಣಿಯವರದಕ್ಕೆ ಇದ್ದಿಲ ಗುರುತು. ಕಣ್ಣಿನ ತೂತಿಗೆ ಅರಳೆ ತುರುಕಿ, ಕತ್ತಿನ ಕಡೆಯ ತೂತಿನಿಂದ ಸಾಸಿವೆ ತುಂಬಿದ. ಆಮೇಲೆ ಆ ಸಾಸಿವೆಯನ್ನು ಪಾವಿನಲ್ಲಿ ಅಳೆದ. ಸರದಾರರ ಬುರುಡೆಗಳಲ್ಲಿ ಪ್ರತಿಸಲವೂ ಒಂದು ಹಿಡಿ ಹೆಚ್ಚೇ ಬಂತು.

"ನಾಳೆ ಸಭೆಯಲ್ಲಿ ಹೀಗೇ ಹೇಳು" ಎಂದು ದೊರೆ ಹೇಳಿಕಳಿಸಿದ.

ಹಾಲವ್ವ ಓಡಿಬಂದಳು. "ವಿರೂಪಣ್ಣೋರೇ, ನಿಮ್ಮ ಒಂದು ಮಾತಿಗೆ ನಮ್ಮ ಮಕ್ಕಳಿಗೆ ಪಾಠಶಾಲೆಯ ಬಾಗಿಲು ಮುಚ್ಚಿಹೋಗುತ್ತೆ."

"ನಾನೇನು ಮಾಡಲವ್ವಾ? ಹೇಳಿದ್ದು ಸಾಸಿವೆ" ಎಂದ ವಿರೂಪಣ್ಣ. ಹೇಳುವಾಗ ಅವನಿಗೂ ಸಂಕಟವೇ ಆಯಿತು.

ಮರುದಿನ ಬೆಳಗ್ಗೆ ಮಠದ ಅಜ್ಜಯ್ಯನವರು ಬಂದರು. ಸತ್ತವರಿಗೆ ಸಂಸ್ಕಾರವಾಗಬೇಕಲ್ಲ. ಅವರು ಒಂದೊಂದೇ ಬುರುಡೆಯನ್ನು ಮಗುವಿನ ತಲೆಯಂತೆ ಎತ್ತಿ, ಹೊಳೆಯ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರು. ಆರಿದ ಮೇಲೆ ಎಲ್ಲಕ್ಕೂ ವಿಭೂತಿ ಬಳಿದರು. ಕುಂಕುಮವೂ ಹೋಯಿತು, ಇದ್ದಿಲೂ ಹೋಯಿತು.

"ಒಳಗೆ ಎಷ್ಟು ಮಣ್ಣಿತ್ತು ನೋಡಪ್ಪಾ. ನಿನ್ನೆಯ ಅಳತೆ ಸರಿ ಬಂದಿರಲಾರದು. ಇನ್ನೊಮ್ಮೆ ಅಳೆದುಬಿಡು" ಎಂದರು.

ವಿರೂಪಣ್ಣ ಮತ್ತೆ ಕೂತ. ವಿಭೂತಿ ಹಚ್ಚಿದ ಮೊದಲ ಹಣೆಯನ್ನು ಕಣ್ಣಿಗೊತ್ತಿಕೊಂಡು ಸಾಸಿವೆ ಸುರಿದ. ಕೈ ತಾನಾಗಿ ಬುರುಡೆಯನ್ನು ಕುಲುಕಿತು. ಹೆಬ್ಬೆರಳು ಒತ್ತಿತು. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ಕೊನೆಗೆ ನೋಡಿದರೆ ಎಲ್ಲೋ ಚಿಟಿಕೆ ಹೆಚ್ಚು, ಎಲ್ಲೋ ಚಿಟಿಕೆ ಕಡಿಮೆ. ಆ ಒಂದು ಹಿಡಿಯ ಅಂತರ ಎಲ್ಲೂ ಇಲ್ಲ!

"ಅಜ್ಜಾ, ಇವುಗಳಲ್ಲಿ ಸರದಾರರು ಯಾರು?"

"ನನಗೇನು ಗೊತ್ತಪ್ಪಾ? ಅಳೆದವನು ನೀನು, ನೀನೇ ಹೇಳಬೇಕು."

ವಿರೂಪಣ್ಣ ತನ್ನ ಹೆಬ್ಬೆರಳನ್ನು ನೋಡಿದ. ಅದರ ತುದಿಗೆ ಸಾಸಿವೆ ಅಂಟಿತ್ತು. ನಿನ್ನೆ ಕುಂಕುಮ ಕಂಡಾಗ ಇದೇ ಬೆರಳು ದೇವರ ಅಳತೆ ಅಳೆದಿತ್ತು. ಇದ್ದಿಲು ಕಂಡಾಗ ಕೂಲಿಯ ಅಳತೆ.

ಸಭೆಯಲ್ಲಿ ಅವನು ಎದ್ದು ನಿಂತ. "ಮಹಾಸ್ವಾಮಿ, ನನ್ನ ಅಳತೆ ಸುಳ್ಳು."

"ಏನು! ಉಗ್ರಾಣ ಬಿಡಬೇಕಾದೀತು, ತಿಳಿದು ಮಾತಾಡು" ಎಂದ ದೊರೆ. "ಹಾಗಾದರೆ ಯಾರ ತಲೆ ದೊಡ್ಡದು?"

"ತಿಳಿಯದು ಸ್ವಾಮಿ. ತಿಳಿದದ್ದು ಒಂದೇ, ನನ್ನ ಹೆಬ್ಬೆರಳು ಯಾರ ಕಡೆ ಎಂದು."

ಅವನು ಎಲ್ಲರೆದುರು ಒಂದು ಬುರುಡೆಗೆ ಸಾಸಿವೆ ಸುರಿದ. ಬಾಯಿಮಟ್ಟ ತುಂಬಿತು. ಕುಲುಕಿ ಒತ್ತಿದ. ಅದೇ ಬುರುಡೆಯೊಳಗೆ ಇನ್ನೂ ಒಂದು ಹಿಡಿ ಇಳಿಯಿತು. ಸಭೆಯಲ್ಲಿ ಯಾರೂ ನಗಲಿಲ್ಲ.

ಅಜ್ಜಯ್ಯನವರು ಮೆಲ್ಲಗೆ ಹೇಳಿದರು: "ಇಷ್ಟಕ್ಕೂ, ದೊರೆಯೇ, ಇವನು ಅಳೆದದ್ದು ಪಾತ್ರೆಯನ್ನು. ಅದರಲ್ಲಿ ಏನಿತ್ತು ಎಂಬುದು ಸಾಸಿವೆಗೆ ಗೊತ್ತೇ?"

ದೊರೆ ಪಾಠಶಾಲೆಯ ಬಾಗಿಲನ್ನು ದೋಣಿಯವರ ಮಕ್ಕಳಿಗೂ ತೆರೆಸಿದ. ಉಗ್ರಾಣವೂ ವಿರೂಪಣ್ಣನ ಕೈಯಲ್ಲೇ ಉಳಿಯಿತು.

ಆ ವಾರ ಹಾಲವ್ವ ಕೂಲಿಯ ಅಕ್ಕಿಗೆ ಬಂದು ಸೆರಗೊಡ್ಡಿದಳು. ವಿರೂಪಣ್ಣ ಸೇರು ತುಂಬಿದ. ಸವರಲು ಹೋದ ಕೈ ನಡುವೆಯೇ ನಿಂತಿತು. ಕುಲುಕಿದ, ಒತ್ತಿದ, ಗೋಪುರದ ಹಾಗೆ ಏರಿಸಿದ.

"ಲಾಭ" ಎಂದ.

"ಇದೇನಣ್ಣಾ, ದೇವರ ಅಳತೆ ನನ್ನ ಸೆರಗಿಗೆ ಬಿತ್ತು? ತಪ್ಪಿ ಸುರಿದಿರೇನೋ!"

"ಇಲ್ಲ ತಾಯಿ. ಇಷ್ಟು ದಿನ ತಪ್ಪಿ ಸುರಿಯುತ್ತಿದ್ದೆ."

ನೀತಿ: ಶಿವನು ಯಾರ ತಲೆಯನ್ನೂ ಕೂಲಿಯ ಅಳತೆಯಲ್ಲಿ ತುಂಬಿ ಕಳಿಸಿಲ್ಲ. ಇನ್ನೊಬ್ಬರನ್ನು ಅಳೆಯಹೊರಟಾಗ ಮೊದಲು ನಮ್ಮ ಹೆಬ್ಬೆರಳು ಯಾರ ಕಡೆ ಒತ್ತುತ್ತಿದೆ ಎಂದು ನೋಡಿಕೊಳ್ಳಬೇಕು.